ಬಿಲ್ ಕೈಯಲ್ಲಿದ್ರೂ ಕಳ್ಳಿ ಅನ್ನಿಸ್ಕೊಂಡೆ, ಈಗ ಏನ್ ಮಾಡ್ಲಿ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾನಿರೋದು ಡೊಂಬಿವಲಿಯಲ್ಲಿ, ಮೂಲ ಕುಂದಾಪುರ ಕಡೆ. ಹೋದ ತಿಂಗಳು ಮಗಳ ಬರ್ತ್‌ಡೇಗೆ ಅಂತ ಅವಳನ್ನೂ ಕರ್ಕೊಂಡು ಮುಂಬೈ ಹತ್ರದ ಠಾಣೆ ಊರಿನ ಒಂದು ಮಾಲ್‌ನಲ್ಲಿ ದೊಡ್ಡ ಬಟ್ಟೆ ಅಂಗಡಿಗೆ ಹೋಗಿದ್ವಿ, ಎರಡು ಕುರ್ತಿ ಒಂದು ಜೀನ್ಸ್ ತಗೊಂಡು ಕಾರ್ಡಲ್ಲಿ ದುಡ್ಡು ಕೊಟ್ಟು ಬಿಲ್ ಕೈಯಲ್ಲೇ ಹಿಡ್ಕೊಂಡು ಹೊರಗೆ ಬರ್ತಾ ಇದ್ದಾಗ ಬಾಗಿಲಲ್ಲಿ ಅಲಾರಾಂ ಹೊಡ್ಕೊಳ್ತು. ಗಾರ್ಡ್ ಬಂದು ಬ್ಯಾಗಿಗೇ ಕೈ ಹಾಕ್ದ, ಬಿಲ್ ತೋರಿಸಿದ್ರೂ ನೋಡ್ಲಿಲ್ಲ, 'ಅಂದರ್ ಚಲೋ' ಅಂತ ಎಲ್ರ ಮುಂದೆ ಜೋರಾಗಿ ಹೇಳಿ ಹಿಂದಿನ ಸ್ಟಾಕ್ ರೂಮಿಗೆ ಕರ್ಕೊಂಡು ಹೋದ. ಅಲ್ಲಿ ಒಬ್ಬಳು ಸೇಲ್ಸ್ ಹುಡುಗಿ ನನ್ನ ಪರ್ಸ್ ಪೂರ್ತಿ ಟೇಬಲ್ ಮೇಲೆ ಸುರಿದ್ಳು, ಬಿಪಿ ಮಾತ್ರೆ, ಲೋಕಲ್ ಪಾಸು, ಮಗಳ ಕಂಪಾಸ್ ಬಾಕ್ಸು ಎಲ್ಲ. ಮೈ ಮೇಲೂ ಕೈಯಾಡಿಸಿ ನೋಡಿದ್ಳು. ಅರ್ಧ ಗಂಟೆ ಮೇಲೆ ಗೊತ್ತಾಗಿದ್ದು, ಒಂದು ಕುರ್ತಿಯ ಟ್ಯಾಗನ್ನ ಕೌಂಟರ್‌ನವನು ಸರಿಯಾಗಿ ಆಫ್ ಮಾಡಿರ್ಲಿಲ್ಲ ಅಂತ. ಮ್ಯಾನೇಜರ್ 'ಸಾರಿ ಮೇಡಂ, ಮಶೀನ್ ಪ್ರಾಬ್ಲಂ' ಅಂದು 500 ರೂಪಾಯಿ ಕೂಪನ್ ಕೈಗಿಟ್ಟ. ನಮ್ಮ ಬಿಲ್ಡಿಂಗಿನವರೊಬ್ರು ಅಲ್ಲೇ ಇದ್ರು, ಈಗ ಸೊಸೈಟಿಯಲ್ಲಿ ಗುಸುಗುಸು. ಅವತ್ತು ರಾತ್ರಿನೇ ಕಸ್ಟಮರ್ ಕೇರ್‌ಗೆ ಮೇಲ್ ಹಾಕಿದ್ದೆ, 'ನಿಮ್ಮ ಫೀಡ್‌ಬ್ಯಾಕ್‌ಗೆ ಧನ್ಯವಾದ' ಅಂತ ಬಂತು ಅಷ್ಟೇ. ಯಜಮಾನ್ರು ಬಿಟ್ಬಿಡು ಅಂತಾರೆ. ನಂಗೆ ಆ ಗಾರ್ಡ್‌ನ ಕೆಲಸದಿಂದ ತೆಗೆಸ್ಬೇಕು, ಪರಿಹಾರನೂ ಬೇಕು. ಆಗುತ್ತಾ?

ಉತ್ತರ: ಮೊದಲು ಆ ಕೂಪನ್ ಖರ್ಚು ಮಾಡ್ಬೇಡಿ ತಂಗಿ. ಅದನ್ನ ಕೊಟ್ಟು ಏನಾದ್ರೂ ತಗೊಂಡ್ರೆ ನಾಳೆ ಅವ್ರ ವಕೀಲ ಎದ್ದು ನಿಂತು 'ಇವರು ಆಗ್ಲೇ ರಾಜಿ ಆಗಿದ್ದಾರೆ ಸ್ವಾಮಿ' ಅಂತ ಹೇಳೋಕೆ ದಾರಿ ಆಗುತ್ತೆ. ಬಿಲ್ ಜೊತೆ ಪಿನ್ ಮಾಡಿ ಇಟ್ಕೊಳ್ಳಿ, ಅದು ಅವ್ರೇ ತಮ್ಮ ತಪ್ಪು ಒಪ್ಕೊಂಡಿದ್ದಕ್ಕೆ ಸಾಕ್ಷಿ. ಮಾಲ್ ಅಂಗಡಿ ಬಿಲ್ಲುಗಳ ಅಕ್ಷರ ಕೆಲವು ತಿಂಗಳಲ್ಲೇ ಮಾಸಿ ಬಿಳಿ ಹಾಳೆ ಆಗ್ಬಿಡುತ್ತೆ, ಹಾಗಾಗಿ ಇವತ್ತೇ ಝೆರಾಕ್ಸ್ ಮಾಡಿಸಿ, ಫೋನಲ್ಲೂ ಫೋಟೋ ಇರ್ಲಿ.

ಅಲಾರಾಂ ವಿಷಯ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ನಿಮ್ಮ ಕೇಸ್ ನಿಂತಿರೋದೇ ಅದರ ಮೇಲೆ. ಬಾಗಿಲ ಎರಡೂ ಕಡೆ ನಿಲ್ಲಿಸಿರೋ ಆ ಕಂಬಗಳು ಒಂದು ರೇಡಿಯೋ ಸಿಗ್ನಲ್ ಬಿಡ್ತಾ ಇರ್ತವೆ, ಕೆಲವು 8.2 ಮೆಗಾಹರ್ಟ್ಸ್‌ನಲ್ಲಿ, ಇನ್ನು ಕೆಲವು ಬೇರೆ ಥರದವು 58 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡ್ತವೆ. ಬಟ್ಟೆಗೆ ಚುಚ್ಚಿರೋ ಗಟ್ಟಿ ಪ್ಲಾಸ್ಟಿಕ್ ಟ್ಯಾಗನ್ನ ಕೌಂಟರಲ್ಲಿ ಮ್ಯಾಗ್ನೆಟ್ ಇಟ್ಟು ಬಿಚ್ಚುತ್ತಾರೆ, ಅಂಟಿಸಿರೋ ಅಥವಾ ಹೊಲಿಗೆ ಒಳಗೆ ಸೇರಿಸಿರೋ ತೆಳು ಟ್ಯಾಗ್ ಆದ್ರೆ ಕೌಂಟರ್ ಮೇಲಿನ ಪ್ಯಾಡ್ ಮೇಲೆ ಆಡಿಸಿ ಆಫ್ ಮಾಡ್ಬೇಕು. ಆಫ್ ಆಗದೇ ಉಳಿದ ಟ್ಯಾಗ್ ಕಂಬದ ಮಧ್ಯೆ ಹಾದ್ರೆ ಸದ್ದು ಬರುತ್ತೆ. ಕೆಲವೊಮ್ಮೆ ಬೇರೆ ಅಂಗಡಿಯಲ್ಲಿ ತಗೊಂಡ ಸಾಮಾನಲ್ಲಿರೋ ಟ್ಯಾಗ್‌ಗೂ ಬರುತ್ತೆ. ಅಂದ್ರೆ ಆ ಯಂತ್ರಕ್ಕೆ ಗೊತ್ತಾಗೋದು ಜೀವ ಇರೋ ಟ್ಯಾಗ್ ಒಂದು ಹಾದು ಹೋಯ್ತು ಅಂತ ಮಾತ್ರ, ದುಡ್ಡು ಕೊಟ್ಟವರು ಯಾರು ಕೊಡದವರು ಯಾರು ಅಂತ ಅಲ್ಲ. ಟ್ಯಾಗ್ ಆಫ್ ಮಾಡೋದು ಯಾರ ಕೆಲಸ? ಕೌಂಟರ್‌ನವರದ್ದು. ಅವ್ರು ಮಾಡ್ಲಿಲ್ಲ, ಅದರ ಫಲ ನಿಮ್ಮ ತಲೆಗೆ ಕಟ್ಟಿದ್ರು. ಗ್ರಾಹಕರ ಕಾನೂನಲ್ಲಿ ಇದನ್ನೇ ಸೇವಾ ನ್ಯೂನತೆ ಅನ್ನೋದು, ಮ್ಯಾನೇಜರ್ 'ಮಶೀನ್ ಪ್ರಾಬ್ಲಂ' ಅಂದಿದ್ದು ಅದಕ್ಕೆ ಇನ್ನೂ ಗಟ್ಟಿ ಆಧಾರ.

ಗಾರ್ಡ್‌ಗೆ ಅಧಿಕಾರ ಏನಿದೆ ಅಂತ ಕೇಳಿದ್ರೆ, ಬಿಲ್ ತೋರಿಸಿ ಅಂತ ಕೇಳ್ಬಹುದು, ಬ್ಯಾಗ್ ನೋಡ್ಲಾ ಅಂತ ಕೇಳ್ಬಹುದು, ನೀವು ಒಪ್ಪಿದ್ರೆ ನೋಡ್ಬಹುದು. ಅಲ್ಲಿಗೆ ಮುಗೀತು. 'ಬ್ಯಾಗ್ ಚೆಕ್ ಮಾಡುವ ಹಕ್ಕು ನಮಗಿದೆ' ಅಂತ ಬೋರ್ಡ್ ತೂಗುಹಾಕಿದ ಮಾತ್ರಕ್ಕೆ ಮೈ ಮುಟ್ಟಿ ನೋಡೋ ಅಧಿಕಾರ ಯಾರಿಗೂ ಬರಲ್ಲ. ಗಂಭೀರ ಅಪರಾಧ ತನ್ನ ಕಣ್ಣೆದುರೇ ಆದ್ರೆ ಸಾಮಾನ್ಯ ಮನುಷ್ಯನೂ ಹಿಡಿದಿಡಬಹುದು ಅಂತ ಒಂದು ನಿಯಮ ಇದೆ ನಿಜ, ಹಳೇ ಸಿಆರ್‌ಪಿಸಿ ಅಂದ್ರೆ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 40ನೇ ಕಲಂ. ಆದ್ರೆ ಅದರಲ್ಲೂ ಸುಮ್ನೆ ತಡಮಾಡದೆ, ಹೆಚ್ಚೆಂದ್ರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸ್ಬೇಕು ಅಂತಿದೆ. ಸ್ಟಾಕ್ ರೂಮಲ್ಲಿ ಕೂರಿಸಿ ಪರ್ಸ್ ಸುರಿಯಿರಿ ಅಂತ ಎಲ್ಲೂ ಇಲ್ಲ. ಅವ್ರಿಗೆ ಅಷ್ಟು ಖಾತ್ರಿ ಇದ್ದಿದ್ರೆ ಪೊಲೀಸ್‌ಗೆ ಫೋನ್ ಮಾಡ್ಬೇಕಿತ್ತು, ಮಾಡ್ಲಿಲ್ಲ ಅನ್ನೋದನ್ನ ನಿಮ್ಮ ಪತ್ರದಲ್ಲಿ ಬರೀರಿ. ಹೊರಗೆ ಹೋಗೋಕೆ ಬಿಡದೆ ತಡೆದಿದ್ದು ಭಾರತೀಯ ನ್ಯಾಯ ಸಂಹಿತೆಯ, ಅಂದ್ರೆ ಹಳೇ ಐಪಿಸಿ ಜಾಗಕ್ಕೆ ಬಂದ ಕಾನೂನಿನ, 126 ಮತ್ತು 127ನೇ ಕಲಮಿಗೆ ಬರೋ ವಿಷಯ. ಅವ್ರು ಹೇಳೋದು ಏನು ಗೊತ್ತಾ, 'ಮೇಡಂ ತಾವಾಗೇ ಒಳಗೆ ಬಂದ್ರು' ಅಂತ. ಅದಕ್ಕೇ ಕ್ಯಾಮೆರಾ ಬೇಕು.

ಮುಖ್ಯ ವಿಷಯ ಇದೇ. ಸಿಸಿಟಿವಿ ರೆಕಾರ್ಡಿಂಗ್ ಬಹಳ ಕಡೆ ಕೆಲವೇ ವಾರಕ್ಕೆ ಹೊಸದು ಹಳೇದರ ಮೇಲೆ ಕೂತು ಅಳಿಸಿ ಹೋಗುತ್ತೆ. ಹೋದ ತಿಂಗಳಿನದ್ದು ಅಂತೀರಿ, ಈ ಅಂಕಣ ಅಚ್ಚಾಗೋವರೆಗೆ ಕಾಯ್ಬೇಡಿ ಅಂತ ನಿಮಗೆ ಮೇಲ್‌ನಲ್ಲೂ ಬರ್ದಿದ್ದೀನಿ. ಬಿಲ್ ತಲೆಯಲ್ಲಿ ಸಣ್ಣ ಅಕ್ಷರದಲ್ಲಿ ಕಂಪನಿಯ ನಿಜವಾದ ಹೆಸರು, ಜಿಎಸ್‌ಟಿ ನಂಬರು ಇರುತ್ತೆ, ಅಂಗಡಿ ಬೋರ್ಡ್ ಮೇಲಿನ ಹೆಸರೇ ಬೇರೆ ಇರ್ಬಹುದು. ಆ ಕಂಪನಿಯ ರಿಜಿಸ್ಟರ್ಡ್ ಆಫೀಸಿಗೂ ಅಂಗಡಿ ಮ್ಯಾನೇಜರಿಗೂ ಸ್ಪೀಡ್ ಪೋಸ್ಟಲ್ಲಿ ಪತ್ರ ಹಾಕಿ: ಇಂಥ ತಾರೀಖು, ಬಿಲ್ ನಂಬರ್ ಇಷ್ಟು, ಬಿಲ್ ಆದ ಹೊತ್ತು ಇಷ್ಟು, ಕ್ಯಾಶ್ ಕೌಂಟರ್, ಬಾಗಿಲು, ಸ್ಟಾಕ್ ರೂಮಿಗೆ ಹೋಗೋ ದಾರಿ, ಈ ಮೂರೂ ಕಡೆಯ ರೆಕಾರ್ಡಿಂಗ್ ಅಳಿಸ್ಬೇಡಿ, ತೆಗೆದಿಡಿ. ಕೊಡಿ ಅಂತ ಕೇಳಿದ್ರೆ ಕೊಡಲ್ಲ, ತೆಗೆದಿಡಿ ಅಂತ ಕೇಳಿ, ತರಿಸ್ಕೊಳ್ಳೋ ಅಧಿಕಾರ ಆಮೇಲೆ ಕೇಸ್ ಕೇಳೋ ಗ್ರಾಹಕ ಆಯೋಗಕ್ಕಿದೆ. ನೀವು ಅವತ್ತು ರಾತ್ರಿನೇ ಮೇಲ್ ಹಾಕಿದ್ದು ತುಂಬಾ ಒಳ್ಳೇದಾಯ್ತು, ದೂರು ಬಂದ ಮೇಲೂ ಅಳಿಸಿದ್ರು ಅಂದ್ರೆ ಆ 'ಫೀಡ್‌ಬ್ಯಾಕ್‌ಗೆ ಧನ್ಯವಾದ'ವೇ ಅವ್ರಿಗೆ ತಿರುಗಿ ಬೀಳುತ್ತೆ.

ಈಗ ಗಾರ್ಡ್. ನಿಮ್ಮ ಸಿಟ್ಟು ನಂಗೆ ಅರ್ಥ ಆಗುತ್ತೆ, ಆದ್ರೆ ಅವನ ಕೆಲಸ ಕಳೆಯೋ ಬೇಡಿಕೆ ಇಡ್ಬೇಡಿ ಅಂತ ನನ್ನ ಸಲಹೆ. ಅವನನ್ನ ತೆಗೆದುಹಾಕೋದು ಕಂಪನಿಗೆ ಎಲ್ಲಕ್ಕಿಂತ ಅಗ್ಗದ ಪರಿಹಾರ, ಒಂದು ಫೋನ್ ಕಾಲಲ್ಲಿ ಏಜೆನ್ಸಿಯವರು ಬೇರೆಯವನನ್ನ ಕಳಿಸ್ತಾರೆ, 'ತಪ್ಪು ಮಾಡಿದವನನ್ನ ತೆಗೆದಿದ್ದೀವಿ ಮೇಡಂ' ಅಂತ ನಿಮಗೊಂದು ಮೇಲ್ ಬರುತ್ತೆ, ಫೈಲ್ ಕ್ಲೋಸ್. ಅಲಾರಾಂ ಹೊಡೆದ್ರೆ ಏನ್ ಮಾಡ್ಬೇಕು ಅಂತ ಅವನಿಗೆ ಹೇಳಿಕೊಡದವರು ಆರಾಮಾಗಿ ಇರ್ತಾರೆ. 2005ರ ಖಾಸಗಿ ಸೆಕ್ಯೂರಿಟಿ ಏಜೆನ್ಸಿ ಕಾಯ್ದೆ ಪ್ರಕಾರ ಏಜೆನ್ಸಿಗೆ ಲೈಸೆನ್ಸ್ ಬೇಕು, ಗಾರ್ಡ್‌ಗೆ ಟ್ರೇನಿಂಗ್ ಆಗಿರ್ಬೇಕು, ಅದನ್ನ ಕೇಳಿ ಪತ್ರದಲ್ಲಿ. ಅಂಗಡಿಯವರು 'ಗಾರ್ಡ್ ನಮ್ಮವನಲ್ಲ, ಏಜೆನ್ಸಿಯವನು' ಅಂತ ಜಾರ್ಕೊಳ್ತಾರೆ, ಅದಕ್ಕೆ ಕೇಸ್ ಹಾಕೋವಾಗ ಕಂಪನಿ ಮತ್ತು ಏಜೆನ್ಸಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಅಂಗಡಿ ಬಾಗಿಲಲ್ಲಿ ಅಂಗಡಿಗೋಸ್ಕರ ನಿಂತವನ ನಡತೆಗೆ ಅಂಗಡಿಯೇ ಉತ್ತರ ಕೊಡ್ಬೇಕು.

ನಿಮಗೆ ನಿಜವಾಗ್ಲೂ ಬೇಕಾಗಿರೋದು ಲೆಟರ್‌ಹೆಡ್ ಮೇಲೆ, ಸಹಿ ಹಾಕಿದ ಒಂದು ಕ್ಷಮಾಪಣೆ ಪತ್ರ, 'ಇಂಥವರು ಪೂರ್ತಿ ದುಡ್ಡು ಕೊಟ್ಟಿದ್ರು, ನಮ್ಮ ಸಿಬ್ಬಂದಿ ಟ್ಯಾಗ್ ಆಫ್ ಮಾಡದೇ ಇದ್ದಿದ್ದರಿಂದ ಹೀಗಾಯ್ತು' ಅಂತ ಸ್ಪಷ್ಟವಾಗಿ. ಅದು ಬಂದ್ರೆ ಸೊಸೈಟಿ ಸೆಕ್ರೆಟರಿ ಕೈಗೊಂದು ಕಾಪಿ ಕೊಡಿ, ಗುಸುಗುಸುಗೆ ಅದಕ್ಕಿಂತ ಒಳ್ಳೆ ಮದ್ದಿಲ್ಲ. ಯಾರಾದ್ರೂ ವಾಟ್ಸಾಪ್ ಗ್ರೂಪಲ್ಲಿ ನೀವು ಕದ್ದು ಸಿಕ್ಕಿಬಿದ್ರಿ ಅಂತ ಬರೆದಿದ್ರೆ ಮಾತ್ರ ಸ್ಕ್ರೀನ್‌ಶಾಟ್ ತೆಗೆದಿಡಿ, ಮಾನನಷ್ಟ ಆಗೋ ಮಾತದು. ಅಕ್ಕಪಕ್ಕದವರ ಮೇಲೆ ಕೋರ್ಟಿಗೆ ಹೋಗೋದು ನನಗಂತೂ ಇಷ್ಟ ಇಲ್ಲ, ದಿನಾ ಒಂದೇ ಲಿಫ್ಟಲ್ಲಿ ಹತ್ತಿ ಇಳೀಬೇಕಲ್ವಾ.

ಪತ್ರಕ್ಕೆ ಹದಿನೈದು ದಿನ ಟೈಮ್ ಕೊಡಿ. ಆ ಮಧ್ಯೆ 1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ದಾಖಲಿಸಿ, ದೊಡ್ಡ ಕಂಪನಿಗಳು ಎಷ್ಟೋ ಸಲ ಅಲ್ಲಿಗೇ ಬಗ್ಗುತ್ತವೆ. ಬಗ್ಗದಿದ್ರೆ ಠಾಣೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರೋ ಜಿಲ್ಲೆಯಲ್ಲೇ ಕೇಸ್ ಹಾಕ್ಬಹುದು, ಡೊಂಬಿವಲಿ ಠಾಣೆ ಜಿಲ್ಲೆಗೇ ಬರುತ್ತೆ. ಬಿಲ್ ಹಿಂದೆ 'ವ್ಯಾಜ್ಯಗಳು ಇಂಥ ಊರಿನ ಕೋರ್ಟಿಗೆ ಮಾತ್ರ' ಅಂತ ಅಚ್ಚು ಹಾಕಿದ್ರೆ ಹೆದರ್ಬೇಡಿ. ಯಾವ ಹಂತದ ಆಯೋಗ ಅನ್ನೋದು ನೀವು ಕೇಳೋ ಪರಿಹಾರದ ಮೇಲಲ್ಲ, ವಸ್ತುವಿಗೆ ಕೊಟ್ಟ ದುಡ್ಡಿನ ಮೇಲೆ ನಿಂತಿದೆ, 50 ಲಕ್ಷದವರೆಗೆ ಜಿಲ್ಲೆ, 5 ಲಕ್ಷದವರೆಗೆ ಫೀಸೂ ಇಲ್ಲ. ವಕೀಲರು ಇರ್ಲೇಬೇಕು ಅಂತಿಲ್ಲ, ಆನ್‌ಲೈನಲ್ಲೂ ಹಾಕ್ಬಹುದು, ಎರಡು ವರ್ಷದ ಗಡುವಿದೆ. ಮಾನಹಾನಿ ಅಥವಾ ಅಕ್ರಮವಾಗಿ ಹಿಡಿದಿಟ್ಟಿದ್ದಕ್ಕೆ ಸಿವಿಲ್ ದಾವೆ ಅಂತ ಹೋದ್ರೆ ಗಡುವು ಒಂದೇ ವರ್ಷ, ಖರ್ಚೂ ಜಾಸ್ತಿ, ನಿಮ್ಮ ವಿಷಯಕ್ಕೆ ಅದು ಬೇಡ ಅನ್ಸುತ್ತೆ. ಬರವಣಿಗೆಗೆ ಸಹಾಯ ಬೇಕಾದ್ರೆ ಮುಂಬೈ ಗ್ರಾಹಕ ಪಂಚಾಯತ್‌ನವರು ದಾರಿ ತೋರಿಸ್ತಾರೆ, 1975ರಿಂದ ಇರೋ ಸಂಸ್ಥೆ. ಪರಿಹಾರ ಎಷ್ಟು ಕೇಳ್ಲಿ ಅಂದ್ರೆ, ಇಪ್ಪತ್ತು ಲಕ್ಷ ಅಂತ ಬರೆದು ನಗೆಪಾಟಲು ಆಗ್ಬೇಡಿ, ಕೂತು ಕೇಳೋವ್ರಿಗೆ ಇವರು ಲಾಟರಿಗೆ ಬಂದವರು ಅನ್ನಿಸ್ಬಾರದು. ಓಡಾಟದ ಖರ್ಚು, ಮನಸ್ಸಿಗಾದ ನೋವಿಗೆ ಒಂದು ಮರ್ಯಾದೆಯ ಮೊತ್ತ, ಅದಕ್ಕಿಂತ ಮೊದಲ ಸಾಲಲ್ಲಿ ಆ ಕ್ಷಮಾಪಣೆ ಪತ್ರ.

ಮಗಳಿಗೆ ಎಷ್ಟು ವಯಸ್ಸು ಅಂತ ಬರೆದಿಲ್ಲ. ದೊಡ್ಡವಳಾಗಿದ್ರೆ ಅವಳು ಕಂಡಿದ್ದನ್ನ ಅವಳ ಮಾತಲ್ಲೇ ಈಗ್ಲೇ ಬರೆದಿಡೋಕೆ ಹೇಳಿ, ಜೊತೆಗಿದ್ದ ಸಾಕ್ಷಿ ಅವಳೊಬ್ಳೇ.

ಪ್ರಶ್ನೆ: ಮೇಡಂ, ನಾವು ಕಲಬುರಗಿ ಕಡಿಯವ್ರು, ಪುಣೆದಾಗ ಪೇಂಟಿಂಗ್ ಕೆಲಸ. ಹಡಪ್ಸರ್ ಕಡೆ ಒಂದು ಸೂಪರ್ ಮಾರ್ಕೆಟ್‌ಗೆ ಕೆಲಸದ ಅರಿವ್ಯಾಗ ನಾನು ನನ್ನ ಇಬ್ರು ಹುಡುಗ್ರು ಹೋಗಿದ್ವಿ, ಬೇಕಾದ ಸಾಮಾನ್ ಸಿಗಲಿಲ್ಲಂತ ಹೊರಗ ಬರೂ ಮುಂದ ನಮ್ಮನ್ನಷ್ಟ ನಿಲ್ಲಿಸಿ ಕಿಸೆ ಝಾಡಿಸಿದ್ರು, ಏನೂ ಸಿಗಲಿಲ್ಲ. ಏನೂ ಕೊಂಡಿಲ್ಲ, ಬಿಲ್ ಇಲ್ಲ. ನಮಗ ಏನರ ದಾರಿ ಐತೇನ್ರಿ?

ಉತ್ತರ: ಐತ್ರಿ, ಆದ್ರೆ ಮೇಲಿನವರದ್ದಕ್ಕಿಂತ ಕಷ್ಟದ್ದು. ಗ್ರಾಹಕ ಕಾನೂನಲ್ಲಿ ದುಡ್ಡು ಕೊಟ್ಟು ಅಥವಾ ಕೊಡ್ತೀನಿ ಅಂತ ಒಪ್ಪಿ ಕೊಂಡವರು ಮಾತ್ರ ಗ್ರಾಹಕರು, ನೋಡಿ ವಾಪಸ್ ಬಂದವರಿಗೆ ಆ ಬಾಗಿಲು ಸುಲಭಕ್ಕೆ ತೆರೆಯಲ್ಲ. ಇದು ಕಾನೂನಿನ ದೊಡ್ಡ ತೂತು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಅನುಮಾನಕ್ಕೆ ಮೊದಲು ಸಿಗೋದು ಬಣ್ಣ ಮೆತ್ತಿದ ಅಂಗಿಯವರೇ. ನಿಮಗಿರೋದು ಪೊಲೀಸ್ ದಾರಿ. ತಡೆದು ನಿಲ್ಲಿಸಿದ್ರು, ಒಪ್ಪಿಗೆ ಇಲ್ಲದೆ ಕಿಸೆಗೆ ಕೈ ಹಾಕಿದ್ರು ಅಂತ ಅರ್ಜಿ ಬರೆದು ಸ್ಟೇಷನ್‌ನಲ್ಲಿ ಕೊಟ್ಟು, ನಿಮ್ಮ ಪ್ರತಿ ಮೇಲೆ ಸೀಲು ಹಾಕಿಸ್ಕೊಂಡು ಬನ್ನಿ. ಬಿಲ್ ಇಲ್ಲದಿದ್ರೂ ಅಲ್ಲಿದ್ರಿ ಅನ್ನೋದಕ್ಕೆ ಪಾರ್ಕಿಂಗ್ ಚೀಟಿ, ಹೊರಗೆ ಚಹಾ ಕುಡಿದು ಫೋನ್‌ಪೇ ಮಾಡಿದ್ದು, ಏನಿದ್ರೂ ಎತ್ತಿಡಿ, ಇಬ್ರೂ ಹುಡುಗರ ಹೆಸರು ಅರ್ಜಿಯಲ್ಲಿ ಇರ್ಲಿ. ಜಾತಿ ಹಿಡಿದು ಬೈದಿದ್ರೆ, ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ರೆ ಅದನ್ನ ಬಿಡದೆ ಬರೀರಿ, ಆಗ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತೆ, ಕೇಸೇ ಬೇರೆ ಆಗುತ್ತೆ. ವಕೀಲರ ಫೀಸಿಗೆ ಚಿಂತೆ ಮಾಡ್ಬೇಡ್ರಿ, ಪರಿಶಿಷ್ಟರಿಗೂ ಹೆಂಗಸರಿಗೂ ಆದಾಯ ನೋಡದೆ, ಉಳಿದವರಿಗೆ ಆದಾಯ ಕಡಿಮೆ ಇದ್ರೆ ಕಾನೂನು ಸೇವಾ ಪ್ರಾಧಿಕಾರದಿಂದ ಪುಕ್ಕಟೆ ವಕೀಲರು ಸಿಗ್ತಾರೆ, ನಂಬರ್ 15100.

ಪ್ರಶ್ನೆ: ನಾನು ಗೋವಾದ ವಾಸ್ಕೋದಲ್ಲಿ ಜನರಲ್ ಸ್ಟೋರ್ ಇಟ್ಟಿದ್ದೀನಿ. ಶಾಲೆ ಬಿಡೋ ಹೊತ್ತಿಗೆ ಹುಡುಗ್ರು ಗುಂಪಾಗಿ ನುಗ್ಗಿ ಚಾಕಲೇಟ್ ಎತ್ಕೊಂಡು ಹೋಗ್ತಾರೆ. ಕ್ಯಾಮೆರಾದಲ್ಲಿ ಸಿಕ್ಕಿದ ನಾಲ್ಕು ಜನರ ಫೋಟೋ ಪ್ರಿಂಟ್ ಹಾಕಿಸಿ ಬಾಗಿಲಿಗೆ ಅಂಟಿಸಿದ್ದೀನಿ. ಅದರಲ್ಲೊಬ್ಬನ ತಾಯಿ ಬಂದು ನನ್ನ ಮಗ ದುಡ್ಡು ಕೊಟ್ಟಿದ್ದ ಅಂತ ಗಲಾಟೆ ಮಾಡಿದ್ರು. ತೆಗೀಬೇಕಾ?

ಉತ್ತರ: ಇದನ್ನ ಓದ್ತಾ ಇರೋವಾಗ್ಲೇ ಎದ್ದು ಹೋಗಿ ತೆಗೀರಿ. ಮಕ್ಕಳ ಮುಖ ಬೀದಿಗೆ ಹಾಕಿ ಕಳ್ಳ ಅಂದಿದ್ದೀರಿ, ಆ ತಾಯಿ ಹೇಳಿದ್ದು ನಿಜ ಆದ್ರೆ ಮಾನನಷ್ಟದ ಕೇಸಲ್ಲಿ ನಿಲ್ಲೋದು ನೀವು. ಆ ಒಬ್ಬ ಹುಡುಗನ ಕ್ಲಿಪ್ಪನ್ನ ಅವನ ತಾಯಿನ ಕೂರಿಸಿ ಪೂರ್ತಿ ತೋರಿಸಿ, ಎತ್ಕೊಂಡಿದ್ದು ಮಾತ್ರ ಅಲ್ಲ, ಗಲ್ಲಾ ಹತ್ರ ಬಂದಿದ್ದನೋ ಇಲ್ವೋ ಅನ್ನೋದೂ ಕಾಣ್ಬೇಕು. ಕೊಟ್ಟಿದ್ದ ಅಂತಾದ್ರೆ ಅವನ ಎದುರಿಗೇ ತಪ್ಪಾಯ್ತು ಅನ್ನಿ, ಫೋಟೋ ನೋಡಿದ ಗಿರಾಕಿಗಳಿಗೂ ಕೇಳೋ ಹಾಗೆ. ಉಳಿದ ಮೂವರದ್ದು ಶಾಲೆಯ ಹೆಡ್ ಮಿಸ್ ಹತ್ರ, ಮನೆಯವರ ಹತ್ರ ಮಾತಾಡಿ ಮುಗಿಸಿ. ಚಾಕಲೇಟ್ ಬರಣಿಗಳನ್ನ ಗಲ್ಲಾ ಹಿಂದಕ್ಕೆ ತಗೊಳ್ಳಿ, ಶಾಲೆ ಬಿಡೋ ಹೊತ್ತಿಗೆ ಒಂದರ್ಧ ಗಂಟೆ ಮನೆಯಿಂದ ಇನ್ನೊಬ್ರು ಬಂದು ನಿಂತ್ಕೊಳ್ಳಲಿ.