ಮಗನನ್ನು ಕಳೆದುಕೊಂಡ ತಾಯಿಯ ಮಂಚದ ಹತ್ತಿರ ಏನು ಮಾತಾಡಲಿ?

ಪ್ರಶ್ನೆ: ನಾನು ಹುಮನಾಬಾದ್ ಕಡೆಯ ಒಂದು ಹಳ್ಳಿ ಸಭೆಯ ಪಾಸ್ಟರ್. ಹೋದ ತಿಂಗಳು ಕೂಲಿಗೆ ಹೊರಟಿದ್ದ ನಮ್ಮೂರಿನವರ ಗಾಡಿ ಉರುಳಿ ಬಿತ್ತು. ಒಬ್ಬ ತಾಯಿ ಉಳಿದರು, ಜೊತೆಗಿದ್ದ ಮಗ ತೀರಿಕೊಂಡ. ಬೀದರ್‌ನ ಆಸ್ಪತ್ರೆಗೆ ಹೋಗಿ ವಾಕ್ಯ ಓದಿದೆ, ಪ್ರಾರ್ಥನೆ ಮಾಡಿದೆ, "ದೇವರ ಚಿತ್ತ, ಧೈರ್ಯ ತಗೋರಿ ಅಕ್ಕಾರ" ಅಂದೆ. ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಈಗ ಮನೆಗೆ ಬಂದಿದ್ದಾರೆ. ಗಾಡಿ ಸದ್ದಾದರೆ ನಡುಗುತ್ತಾರೆ, ರಾತ್ರಿ ನಿದ್ದೆ ಇಲ್ಲ. ಊರವರು ಗಾಳಿ ಸೋಕಿದೆ ಅಂತಾರೆ. ಇಂಥವರಿಗೆ ಕೌನ್ಸೆಲಿಂಗ್ ಮಾಡೋದನ್ನು ನಾನು ಕಲಿಯಬಹುದಾ? ಎಲ್ಲಿ?

ಉತ್ತರ: ಪಾಸ್ಟರ್ ಅವರೇ, ಖಂಡಿತ ಕಲಿಯಬಹುದು. ಆದರೆ ಕೋರ್ಸಿನ ವಿಷಯಕ್ಕೆ ಮೊದಲು ಆ ತಾಯಿಯ ಬಗ್ಗೆ ಮಾತಾಡೋಣ.

ಅವರು ಮುಖ ತಿರುಗಿಸಿದ್ದನ್ನು ಅವಮಾನ ಅಂದುಕೊಳ್ಳಬೇಡಿ. ಮಗ ಹೋಗಿ ಎರಡು ದಿನ ಆಗಿರುವ ತಾಯಿಗೆ "ದೇವರ ಚಿತ್ತ" ಅಂದರೆ, ನಿನ್ನ ಮಗನನ್ನು ದೇವರೇ ಕೊಂದ ಅಂತ ಕೇಳಿಸಬಹುದು. ನಾನೂ ಇಂಥದ್ದೇ ತಪ್ಪು ಮಾಡಿದ್ದೇನೆ. ಕಲಬುರಗಿಯಲ್ಲಿ ಆಸ್ಪತ್ರೆ ಕೌನ್ಸೆಲರ್ ಆಗಿ ಸೇರಿದ ಹೊಸದರಲ್ಲಿ, ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳಿಗೆ "ಅಳಬೇಡವ್ವ, ಮಕ್ಕಳ ಮುಖ ನೋಡಿ ಗಟ್ಟಿಯಾಗು" ಅಂದೆ. ಅವಳು ಅಳು ನಿಲ್ಲಿಸಿದಳು. ಒಳ್ಳೇದು ಮಾಡಿದೆ ಅಂದುಕೊಂಡೆ. ಮೂರನೇ ದಿನ ಅವಳ ಅತ್ತೆ ಬಂದು, "ಅವತ್ತಿನಿಂದ ಒಂದು ಮಾತೂ ಆಡಿಲ್ಲರಿ" ಅಂದರು. ಅವಳಿಗೆ ಅಳುವುದೊಂದೇ ದಾರಿ ಇತ್ತು, ಅದನ್ನೂ ನಾನು ಮುಚ್ಚಿದ್ದೆ.

ಮೊದಲ ದಿನಗಳಲ್ಲಿ ಬೇಕಾಗೋದು ಉಪದೇಶವಲ್ಲ, ಚಿಕ್ಕ ಚಿಕ್ಕ ಕೆಲಸ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಮಾನಸಿಕ ಪ್ರಥಮ ಚಿಕಿತ್ಸೆಯ ಬಗ್ಗೆ ಒಂದು ಕೈಪಿಡಿ ತಂದಿತು. ಅದರ ತಿರುಳು ಮೂರೇ ಮಾತು: ನೋಡು, ಕೇಳು, ಜೋಡಿಸು. ನಮ್ಮ ಕಡೆಗೆ ತಂದು ಹೇಳಬೇಕಂದರೆ, ಅವರು ನೀರು ಕುಡಿದಿದ್ದಾರಾ, ಮೊಬೈಲಿಗೆ ಚಾರ್ಜ್ ಇದೆಯಾ, ಪುಣೆಯಲ್ಲೋ ಮುಂಬೈಯಲ್ಲೋ ದುಡಿಯುವ ತಮ್ಮನಿಗೆ ಸುದ್ದಿ ಮುಟ್ಟಿದೆಯಾ, ಪೋಸ್ಟ್ ಮಾರ್ಟಂ ಕಾಗದಕ್ಕೆ ಓಡಾಡೋರು ಯಾರಿದ್ದಾರೆ, ಹೈದರಾಬಾದಿಗೋ ಸೊಲ್ಲಾಪುರಕ್ಕೋ ರೆಫರ್ ಮಾಡಿದರೆ ಜೊತೆಗೆ ಯಾರು ಹೋಗ್ತಾರೆ, ಇಷ್ಟು ನೋಡಿಕೊಂಡರೆ ನಿಮ್ಮ ಮೊದಲ ಭೇಟಿಯ ಕೆಲಸ ಆಯಿತು.

ಇನ್ನೊಂದು ಮಾತು ಬಹಳ ಮುಖ್ಯ. ಹೇಗಾಯಿತು ಅಂತ ಬಿಡಿಸಿ ಬಿಡಿಸಿ ಕೇಳಬೇಡಿ. ಪೊಲೀಸರು ಕೇಳಿರುತ್ತಾರೆ, ಡಾಕ್ಟರ್ ಕೇಳಿರುತ್ತಾರೆ, ನೋಡಲು ಬಂದ ನೆಂಟರೆಲ್ಲ ಕೇಳಿರುತ್ತಾರೆ. ಎಲ್ಲಾ ಹೇಳಿಬಿಟ್ಟರೆ ಮನಸ್ಸು ಹಗುರ ಆಗುತ್ತೆ ಅಂತ ನಾವು ನಂಬಿದ್ದೇವೆ. ಆದರೆ ಘಟನೆ ಆದ ಕೂಡಲೇ ಕೂರಿಸಿಕೊಂಡು ಎಲ್ಲವನ್ನೂ ಹೇಳಿಸುವ ಪದ್ಧತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯೇ ಬೇಡ ಅನ್ನುತ್ತದೆ. ಅವರಾಗಿಯೇ ಹೇಳಿದರೆ ಕೇಳಿ. ಮಧ್ಯೆ ನಿಲ್ಲಿಸಿದರೆ ನೀವೂ ಸುಮ್ನೆ ಇರಿ. ಆ ಮೌನದಲ್ಲಿ ಕೂತಿರೋದು ಕಷ್ಟ, ಕೈ ಕೈ ಹಿಸುಕಿಕೊಳ್ಳೋ ಹಾಗೆ ಆಗುತ್ತೆ. ಈ ಕೆಲಸದಲ್ಲಿ ಕಲಿಯೋದಕ್ಕೆ ಜಾಸ್ತಿ ದಿನ ಹಿಡಿಯೋದೂ ಅದೇ.

ಪ್ರಾರ್ಥನೆ ಬಿಡಿ ಅಂತ ನಾನು ಹೇಳ್ತಿಲ್ಲ, ಕೇಳಿ ಮಾಡಿ. ಕುರುಡ ಬಾರ್ತಿಮಾಯನಿಗೆ ಏನು ಬೇಕು ಅಂತ ನೋಡಿದರೇ ಗೊತ್ತಾಗುತ್ತಿತ್ತು, ಆದರೂ ನಾನು ನಿನಗೆ ಏನು ಮಾಡಲಿ ಅಂತ ಯೇಸು ಕೇಳಲಿಲ್ಲವೇ? "ಈಗ ಪ್ರಾರ್ಥನೆ ಮಾಡಲೇನ್ರಿ, ಇಲ್ಲಾ ಸುಮ್ನೆ ಕೂಡಲಾ" ಅಂತ ಕೇಳಿ. ಬೇಡ ಅಂದರೆ ಬೇಡ. ದೇವರ ಮೇಲೆ ಸಿಟ್ಟು ಮಾಡಿದರೆ ದೇವರ ಪರವಾಗಿ ವಾದಕ್ಕೆ ಇಳಿಯಬೇಡಿ, ಕೀರ್ತನೆಗಳಲ್ಲಿ ಅಂಥ ಸಿಟ್ಟು ಎಷ್ಟಿದೆ ಅಂತ ನಿಮಗೇ ಗೊತ್ತು. ವಾರ್ಡಿನಲ್ಲಿ ಪಕ್ಕದ ಮಂಚದವರು ಬೇರೆ ಧರ್ಮದವರಾಗಿದ್ದರೆ ಅವರ ನೋವನ್ನು ನಿಮ್ಮ ಧರ್ಮ ಹೇಳೋ ಅವಕಾಶ ಮಾಡಿಕೊಳ್ಳಲೇಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಈಗ ಆ ನಡುಕ. ಅದು ಗಾಳಿಯಲ್ಲ. ಅಪಾಯ ಮುಗಿದಿದ್ದರೂ ದೇಹಕ್ಕೆ ಅದು ಇನ್ನೂ ಗೊತ್ತಾಗಿಲ್ಲ, ಸದ್ದು ಕೇಳಿದ ಕೂಡಲೇ ಓಡಲು ಸಿದ್ಧವಾಗುತ್ತದೆ. ಆ ಹೊತ್ತಿಗೆ ಎರಡೂ ಪಾದ ನೆಲಕ್ಕೆ ಊರಿ ಕೂಡಲು ಹೇಳಿ. ಅಂಗಳದಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿಸಿ. ಉಸಿರು ಎಳೆದಿದ್ದಕ್ಕಿಂತ ನಿಧಾನವಾಗಿ ಬಿಡಲು ಹೇಳಿ, ನೀವೂ ಜೊತೆಗೆ ಮಾಡಿ. ಮನೆಯವರು ದರ್ಗಾಕ್ಕೋ ಗುಡಿಗೋ ಕರೆದೊಯ್ಯುತ್ತೇವೆ ಅಂದರೆ ಜಗಳ ಬೇಡ. ಕಟ್ಟಿಹಾಕೋದು, ಹೊಡೆಯೋದು, ಉಪವಾಸ ಕೆಡವೋದು ಮಾತ್ರ ಆಗಕೂಡದು. ಡಾಕ್ಟರ್ ಕೊಟ್ಟ ಗುಳಿಗೆಯನ್ನೂ ಬಿಡಿಸಬಾರದು.

ಮೊದಲ ವಾರಗಳಲ್ಲಿ ಹೀಗಾಗೋದು ಸಹಜ, ಬಹಳ ಮಂದಿಗೆ ತಾನಾಗಿ ಕಡಿಮೆಯಾಗುತ್ತದೆ. ಒಂದು ತಿಂಗಳು ದಾಟಿದರೂ ಇಳಿಯದಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ನೀವು ಹೇಳೋ ತಾಯಿಗೆ ಆ ತಿಂಗಳು ಮುಗಿಯುತ್ತಾ ಬಂತು ಅಲ್ವಾ? ಈ ವಾರವೇ ಕರೆದುಕೊಂಡು ಹೋಗಿ. ಮಂಗಳವಾರದ ಮನೋಚೈತನ್ಯ ಶಿಬಿರದ (ಸರ್ಕಾರದ ಮಾನಸಿಕ ಆರೋಗ್ಯ ಶಿಬಿರ) ಬಗ್ಗೆ ತಾಲೂಕು ಆಸ್ಪತ್ರೆಯಲ್ಲಿ ಕೇಳಿ, ಇಲ್ಲವಾದರೆ ಜಿಲ್ಲಾ ಆಸ್ಪತ್ರೆಗೆ ಹೋಗಿ. "ಸಾಯಬೇಕು ಅನ್ನಿಸ್ತದಾ?" ಅಂತ ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತೆ ಅನ್ನೋದು ತಪ್ಪು ತಿಳುವಳಿಕೆ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಕಲಿಯೋದು ಎಲ್ಲಿ? ನಿಮ್ಮಂಥವರಿಗೆ ಅಂತಲೇ ಕ್ಲಿನಿಕಲ್ ಪ್ಯಾಸ್ಟೋರಲ್ ಎಜುಕೇಶನ್ ಇದೆ, ಅಂದರೆ ಆಸ್ಪತ್ರೆಯಲ್ಲೇ ರೋಗಿಗಳ ಜೊತೆಗಿದ್ದು ಕಲಿಯುವ ತರಬೇತಿ. ಇದನ್ನು 1925ರಲ್ಲಿ ಅಮೆರಿಕದ ವುಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಶುರು ಮಾಡಿದ ಪಾದ್ರಿ ಆಂಟನ್ ಬಾಯ್ಸನ್ ಸ್ವತಃ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆ ಸೇರಿ ಬಂದವರು. ಮಂಚದ ಮೇಲೆ ಮಲಗಿದವನಿಗೆ ಏನು ಬೇಕು ಅಂತ ಅವರಿಗೆ ಒಳಗಿನಿಂದ ಗೊತ್ತಿತ್ತು. ನಮ್ಮಲ್ಲಿ ವೆಲ್ಲೂರಿನ ಸಿಎಂಸಿ ಮತ್ತು ಬೆಂಗಳೂರಿನ ಸೇಂಟ್ ಜಾನ್ಸ್ ಆಸ್ಪತ್ರೆಗಳಲ್ಲಿ ವಿಚಾರಿಸಿ. ಆ ತರಬೇತಿಯಲ್ಲಿ ರೋಗಿಯ ಜೊತೆ ಆಡಿದ ಮಾತನ್ನು, ಅವರು ಹೇಳಿದ್ದು, ನೀವು ಹೇಳಿದ್ದು, ಮಧ್ಯದ ಮೌನ, ಎಲ್ಲಾ ನೆನಪಿನಿಂದ ಬರೆದು ಗುಂಪಿನ ಮುಂದೆ ಓದಬೇಕು. ಆಗ ನಿಮ್ಮ ತಪ್ಪು ನಿಮಗೇ ಕೇಳಿಸುತ್ತದೆ. ಇದನ್ನು ಇವತ್ತಿನಿಂದಲೇ ಶುರು ಮಾಡಬಹುದು. ಐದು ನಿಮಿಷದ ಮಾತು ಬರೆಯಿರಿ, ಹೆಸರು ಊರು ಹಾಕಬೇಡಿ, ಅನುಭವ ಇರುವ ಒಬ್ಬರ ಮುಂದೆ ಓದಿ.

ಈ ಕೋರ್ಸಿನಿಂದ ನೀವು ಚಿಕಿತ್ಸಕರಾಗೋದಿಲ್ಲ. ಟ್ರಾಮಾ ಅಂದರೆ ಮನಸ್ಸಿಗಾದ ಆಘಾತ, ಅದರ ಚಿಕಿತ್ಸೆ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಕೆಲಸ. ಅವರ ತನಕ ತಲುಪಿಸೋದು, ತಲುಪಿಸಿದ ಮೇಲೂ ಕೈ ಬಿಡದೆ ಹೋಗಿ ಬರೋದು ನಿಮ್ಮ ಕೆಲಸ, ಅದನ್ನು ಬೇರೆಯವರು ಮಾಡೋದಿಲ್ಲ. ಗುಟ್ಟು ಕಾಯಬೇಕು ಅನ್ನೋದು ನಿಮಗೆ ಹೇಳಬೇಕಿಲ್ಲ. ಆದರೆ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿರೋದು ತಿಳಿದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098.

ಪ್ರಶ್ನೆ: ಯಾದಗಿರಿ ಜಿಲ್ಲೆಯಲ್ಲಿ ನರ್ಸಿಂಗ್ ಆಫೀಸರ್ ಆಗಿದ್ದೇನೆ. ಮೈ ಸುಟ್ಟುಕೊಂಡು ಬಂದ ಹುಡುಗಿಯೊಬ್ಬಳು ನನ್ನ ಡ್ಯೂಟಿಯಲ್ಲೇ ತೀರಿಕೊಂಡಳು. ಈಗ ಮನೆಯಲ್ಲಿ ಒಗ್ಗರಣೆ ಸೀದರೂ ಆ ವಾಸನೆ ಬಂದಂಗಾಗಿ ಕಣ್ಣೀರು ಬರುತ್ತದೆ. ನನ್ನ ಮನಸ್ಸು ಇಷ್ಟು ಮೆತ್ತಗಾ?

ಉತ್ತರ: ಇಲ್ಲ ತಂಗಿ. ನೋಡಿದವರಿಗೂ ಆಘಾತ ತಗಲುತ್ತದೆ. ಅದರಲ್ಲೂ ವಾಸನೆ ನೆನಪನ್ನು ಎಷ್ಟು ಬೇಗ ಎಬ್ಬಿಸುತ್ತೆ ಅಂದರೆ, ನೀವು ಯೋಚನೆ ಮಾಡೋಕೆ ಮೊದಲೇ ಕಣ್ಣು ತುಂಬಿರುತ್ತದೆ. ಸೀದ ವಾಸನೆ ಬಂದಾಗ ಒಲೆ ಆರಿಸಿ ಹೊರಗೆ ಬನ್ನಿ, ಕೈಗೆ ತಣ್ಣೀರು ಹಾಕಿಕೊಳ್ಳಿ, ಇವತ್ತು ಯಾವ ವಾರ, ನಾನು ಎಲ್ಲಿದ್ದೇನೆ ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಆ ರಾತ್ರಿ ಜೊತೆಗಿದ್ದ ಸಿಸ್ಟರ್ ಒಬ್ಬರ ಹತ್ತಿರ ನಿಮಗೆ ಬೇಕು ಅನ್ನಿಸಿದಷ್ಟು ಮಾತ್ರ ಮಾತಾಡಿ, ಅವರಿಗೂ ಹೀಗೇ ಆಗುತ್ತಿರಬಹುದು. ತಿಂಗಳಾದರೂ ಕಡಿಮೆಯಾಗದಿದ್ದರೆ ಮೇಲೆ ಹೇಳಿದ 14416 ನಿಮಗೂ ಇದೆ. ಸದ್ಯಕ್ಕೆ ಕೆಲವು ವಾರ ಬೇರೆ ವಾರ್ಡ್ ಕೇಳಿ. ಮುಂದಿನ ಡ್ಯೂಟಿ ಪಟ್ಟಿ ಹಾಕೋಕೆ ಮೊದಲೇ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಹೋಗಿ, ನನಗೆ ಬರೆದಿದ್ದನ್ನೇ ಅವರಿಗೂ ಹೇಳಿ.