‘ಅಮ್ಮನಿಗೆ ನ್ಯೂಸ್ ನೋಡೋದು ಬಿಡಿಸಿ ಮೇಡಂ’

ಈ ಮಾತು ಹೇಳ್ಕೊಂಡು, ಹಿರಿಯರ ಮನಸ್ಸಿನ ಕಷ್ಟಕ್ಕೆ ಸಲಹೆ ಕೊಡೋ ನನ್ನ ಹತ್ರ ಬರೋ ಮಕ್ಕಳು ಜಾಸ್ತಿ ಆಗ್ತಾನೇ ಇದಾರೆ. ಅಪ್ಪ ಇಡೀ ದಿನ ಟಿವಿ ಮುಂದೆ ಕೂತು ಸಿಡಿಮಿಡಿ ಅಂತಾರೆ, ಅಮ್ಮ ಫ್ಯಾಮಿಲಿ ಗ್ರೂಪಲ್ಲಿ ಉದ್ದುದ್ದ ಬರೀತಾರೆ, ಸರ್ಕಾರ, ಟ್ಯಾಕ್ಸು, ಪಿಂಚಣಿ, ಯುದ್ಧ ಅಂತ ತಲೆ ಕೆಡಿಸ್ಕೊಂಡು ರಾತ್ರಿ ನಿದ್ದೆ ಮಾಡಲ್ಲ, ಈ ವಯಸ್ಸಲ್ಲಿ ಇದೆಲ್ಲಾ ಯಾಕೆ ಬೇಕು, ನೀವಾದ್ರೂ ಸ್ವಲ್ಪ ಹೇಳಿ ಅಂತಾರೆ. ನಾನು ಏನು ಹೇಳ್ಬೇಕು ಅಂತ ಮನೇಲೇ ತೀರ್ಮಾನ ಆಗಿರುತ್ತೆ. ಆ ತೀರ್ಮಾನಕ್ಕೆ ನಾನು ಸುಮ್ಮನೆ ತಲೆ ಆಡಿಸಲ್ಲ. ಯಾಕೆ ಅನ್ನೋದಕ್ಕೆ ಒಂದು ಪ್ರಕರಣ ಬರೀತೀನಿ. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದೀನಿ, ಅಮ್ಮ ಮಗಳು ಇಬ್ಬರ ಒಪ್ಪಿಗೆನೂ ಇದೆ.

ಅಮ್ಮನಿಗೆ 75ರ ಆಸುಪಾಸು. ನಿವೃತ್ತಿ ಆಗಿ ಬಹಳ ವರ್ಷ ಆಗಿದೆ, ಯಜಮಾನ್ರು ತೀರ್ಕೊಂಡ ಮೇಲೆ ಮಗಳ ಮನೇಲಿದಾರೆ. ಮೊದಲ ಸಲ ಮಗಳು ಒಬ್ಬರೇ ಬಂದ್ರು. ಅಮ್ಮ ದಿನಾ ನೋಟ್‌ಬುಕ್ಕಲ್ಲಿ ಏನೇನೋ ಬರೀತಾರೆ, ವಯಸ್ಸಾಯ್ತು ಅಂತ ಎರಡು ಸಾಲು, ಆಮೇಲೆ ಪೂರ್ತಿ ಸರ್ಕಾರದ ವಿಚಾರ, ರಾತ್ರಿ ಅದನ್ನ ಓದಿ ಹೇಳೋಕೆ ಬರ್ತಾರೆ, ಕೇಳಿಲ್ಲ ಅಂದ್ರೆ ಟಿವಿ ಜೋರಾಗಿ ಇಟ್ಕೊಂಡು ಕೂರ್ತಾರೆ ಅಂದ್ರು. ಆಮೇಲೆ ಫೋನ್ ತೆಗೆದು ಒಂದು ಫೋಟೋ ತೋರಿಸಿದ್ರು. ಗೆರೆ ಹಾಳೆ, ನೀಲಿ ಇಂಕು, ಅಕ್ಷರ ಸ್ವಲ್ಪ ನಡುಗಿತ್ತು. ಒಂದೇ ಒಂದು ಸಾಲನ್ನ ಝೂಮ್ ಮಾಡಿದ್ರು: ‘ನಾನು ಬದುಕಿದೀನಿ ಅನ್ನೋದಕ್ಕೆ ಇನ್ನು ಯಾವ ಸಾಕ್ಷಿನೂ ಉಳಿದಿಲ್ಲ.’ ಇದನ್ನ ಓದಿದ ಮೇಲೆ ನಂಗೆ ಕೈಕಾಲೇ ಆಡ್ತಿಲ್ಲ ಮೇಡಂ ಅಂದ್ರು. ಅವತ್ತೇ ನ್ಯೂಸ್ ಚಾನೆಲ್ ಎಲ್ಲಾ ಲಾಕ್ ಮಾಡಿದ್ರಂತೆ.

ಮಗಳ ಭಯ ಸರಿಯಾದ ಭಯಾನೇ. ಅಂಥ ಸಾಲು ಕಂಡ್ರೆ ಯಾರೂ ಸುಮ್ನಿರಬಾರದು. ವಯಸ್ಸಾದವರಲ್ಲಿ ಖಿನ್ನತೆ ಅನ್ನೋದು ಯಾವಾಗ್ಲೂ ಅಳುವಿನ ರೂಪದಲ್ಲಿ ಬರಲ್ಲ, ಸಿಟ್ಟಾಗಿ ಬರುತ್ತೆ, ನಿದ್ದೆ ಇಲ್ಲದೆ ಬರುತ್ತೆ, ಅಲ್ಲಿ ನೋವು ಇಲ್ಲಿ ನೋವು ಅಂತ ಬರುತ್ತೆ, ಹಾಗಾಗಿ ‘ವಯಸ್ಸಾಯ್ತು, ಮುಂಗೋಪ’ ಅಂತ ಮನೆಯವರು ತಳ್ಳಿಹಾಕಿಬಿಡ್ತಾರೆ. ಅಮ್ಮ ಬಂದಾಗ ನಾನು ಮೊದಲು ಇದನ್ನೇ ನೋಡಿದೆ. ಹಿರಿಯರಿಗೆ ಅಂತಾನೇ ಮಾಡಿರೋ 15 ಪ್ರಶ್ನೆಗಳ ಖಿನ್ನತೆಯ ಪ್ರಶ್ನಾವಳಿ ಇದೆ, ಹೌದು ಅಥವಾ ಇಲ್ಲ ಅನ್ನೋ ಉತ್ತರ, ಅದನ್ನ ಮಾಡಿಸಿದೆ. ನೆನಪಿನ ಬಗ್ಗೆ, ಔಷಧಿಗಳ ಬಗ್ಗೆ ಕೇಳಿದೆ. ಜೀವ ಕಳ್ಕೋಬೇಕು ಅಂತ ಯಾವತ್ತಾದ್ರೂ ಅನ್ಸುತ್ತಾ ಅಂತ ನೇರವಾಗೇ ಕೇಳಿದೆ. ಹಾಗೆ ಕೇಳಿದ್ರೆ ಇಲ್ಲದ ಯೋಚನೆ ತಲೆಗೆ ಹಾಕಿದಂಗಾಗುತ್ತೆ ಅಂತ ತುಂಬಾ ಜನ ಹೆದರ್ತಾರೆ, ಆದ್ರೆ ಕೇಳೋದ್ರಿಂದ ಅಪಾಯ ಹೆಚ್ಚಾಗಲ್ಲ ಅಂತ ಅಧ್ಯಯನಗಳು ಹೇಳ್ತವೆ, ಕೇಳಿದಾಗ ಎಷ್ಟೋ ಜನಕ್ಕೆ ಎದೆ ಭಾರ ಇಳಿಯುತ್ತೆ. ಈ ಅಮ್ಮ ನನ್ನ ಮುಖ ನೋಡಿ, ‘ಇಲ್ಲಮ್ಮ, ಯಾಕೆ ಹಾಗೆ ಕೇಳ್ತಿದೀರ?’ ಅಂದ್ರು. ಪ್ರಶ್ನಾವಳಿಯಲ್ಲೂ ಖಿನ್ನತೆಯ ಲಕ್ಷಣ ಕಾಣಲಿಲ್ಲ. ಮಾತಾಡ್ತಾ ಒಂದು ವಿಷಯ ಮಾತ್ರ ಗೊತ್ತಾಯ್ತು, ನಾನು ಎಡಗಡೆಯಿಂದ ಮಾತಾಡಿದ್ರೆ ಅವರಿಗೆ ಅರ್ಧ ಕೇಳಿಸ್ತಿರಲಿಲ್ಲ. ಟಿವಿ ಜೋರಾಗಿ ಇಡೋದು ಮಗಳ ಮೇಲಿನ ಹಟಕ್ಕಲ್ಲ.

ಮುಂದಿನ ಭೇಟಿಗೆ ನೋಟ್‌ಬುಕ್ ತರೋಕೆ ಹೇಳಿದೆ, ಮಗಳೂ ಜೊತೆಗಿರಲಿ ಅಂದೆ. ಫೋಟೋದಲ್ಲಿದ್ದ ಆ ಪುಟಾನೇ ಪೂರ್ತಿ ಓದ್ತೀರಾ ಅಂತ ಕೇಳಿದೆ.

ಕನ್ನಡಕ ಸರಿ ಮಾಡ್ಕೊಂಡು ಓದಿದ್ರು. ಮೇಲೆ ತಾರೀಖು. ಮೊದಲು ಮಂಡಿ ವಿಚಾರ, ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋವಾಗ ಜಾಸ್ತಿ ನೋವು ಅಂತ. ಅದರ ಕೆಳಗೆ ಟಿವಿಯಲ್ಲಿ ಕೇಳಿದ ಸುದ್ದಿ, ಇನ್ಮೇಲೆ ಎಲ್ಲಾ ಸೇವೆನೂ ಆನ್‌ಲೈನ್ ಅಂತ. ಆಮೇಲೆ ಪಿಂಚಣಿಗೋಸ್ಕರ, ಬದುಕಿದೀನಿ ಅಂತ ವರ್ಷಕ್ಕೊಂದ್ಸಲ ತೋರಿಸೋಕೆ ಹೋಗಿದ್ದು. ಬಲಗೈ ಹೆಬ್ಬೆರಳು ಇಟ್ರೆ ಮಿಷನ್ ಕೆಂಪು ಲೈಟು. ತೋರುಬೆರಳು ಇಟ್ರೂ ಕೆಂಪೇ. ಕರವಸ್ತ್ರದಲ್ಲಿ ಒರೆಸ್ಕೊಂಡು ಇಟ್ರು, ಸ್ವಲ್ಪ ಒದ್ದೆ ಮಾಡ್ಕೊಂಡು ಇಟ್ರು, ಎಡಗೈನೂ ಆಯ್ತು. ಹಿಂದೆ ಕ್ಯೂ ಬೆಳೀತಿತ್ತು. ಕೌಂಟರಿನ ಹುಡುಗ ಮರ್ಯಾದೆಯಿಂದಾನೇ ಹೇಳಿದ್ನಂತೆ, ‘ಅಜ್ಜಿ, ನಿಮ್ಮ ಬೆರಳಿನ ಗೆರೆ ಸವೆದು ಹೋಗಿದೆ, ಇನ್ನೊಂದಿನ ಬನ್ನಿ’ ಅಂತ. ಅಲ್ಲಿಂದ ಮುಂದೆ ಅವರು ಬರೆದದ್ದು ಹೀಗಿತ್ತು: ‘ಅವನ ಎದುರಿಗೇ ನಿಂತಿದೀನಿ, ಅವನ ಜೊತೆ ಮಾತಾಡ್ತಿದೀನಿ. ಆದ್ರೂ ನಾನು ಬದುಕಿದೀನಿ ಅನ್ನೋದಕ್ಕೆ ಇನ್ನು ಯಾವ ಸಾಕ್ಷಿನೂ ಉಳಿದಿಲ್ಲ. ಈ ನಿಯಮ ಮಾಡಿದವರು ಮೊದಲು ತಮ್ಮ ತಾಯಿನ ಕರ್ಕೊಂಡು ಬಂದು ಆ ಮಿಷನ್ ಮೇಲೆ ಬೆರಳು ಇಡಿಸಿ ನೋಡ್ಬೇಕಿತ್ತು.’ ಅದರ ಕೆಳಗೆ, ಬೆರಳು ಹೊಂದದೇ ಹೋದ್ರೆ ಎದುರಿಗಿರೋ ಅಧಿಕಾರಿನೇ ಮುಖ ನೋಡಿ ಸಹಿ ಹಾಕೋ ಹಾಗಾಗ್ಬೇಕು, ಮನೆ ಬಿಟ್ಟು ಬರೋಕಾಗದವರ ಮನೆಗೇ ಯಾರಾದ್ರೂ ಹೋಗ್ಬೇಕು ಅಂತೆಲ್ಲಾ ನಂಬರ್ ಹಾಕಿ ಬರೆದಿದ್ರು.

ಅವರು ಹೇಳ್ತಿದ್ದದ್ದರಲ್ಲಿ ತಪ್ಪೇನೂ ಇಲ್ಲ. ವಯಸ್ಸಾದಂಗೆ ಚರ್ಮ ಒಣಗುತ್ತೆ, ಬಿಗಿ ಕಮ್ಮಿ ಆಗುತ್ತೆ, ಬೆರಳ ತುದಿಯ ಗೆರೆಗಳು ಚಪ್ಪಟೆ ಆಗ್ತವೆ, ಜೀವನಪೂರ್ತಿ ಕೈಯಿಂದ ದುಡಿದವರದ್ದು ಇನ್ನೂ ಬೇಗ, ಸ್ಕ್ಯಾನರ್‌ಗೆ ಅದು ಓದೋಕೆ ಕಷ್ಟ.

ಮಗಳು ಕೇಳಿದ್ರು, ‘ಅಮ್ಮ, ಇದನ್ನ ನಂಗೆ ಯಾಕೆ ಹೇಳ್ಲಿಲ್ಲ ನೀನು?’

‘ಹೇಳ್ದೆ. ನೀನು ಲ್ಯಾಪ್‌ಟಾಪ್ ಮುಂದೆ ಇದ್ದೆ. ಟೆನ್ಶನ್ ಮಾಡ್ಕೋಬೇಡ, ಇನ್ನೊಂದಿನ ಹೋಗೋಣ ಅಂದೆ.’ ಆಮೇಲೆ ನನ್ನ ಕಡೆ ತಿರುಗಿ, ‘ಮಂಡಿ ನೋವು ಅಂದ್ರೆ ಇವಳು ತಕ್ಷಣ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತಾಳಮ್ಮ. ಆಫೀಸಲ್ಲಿ ಹೀಗಾಯ್ತು ಅಂದ್ರೆ ಆಫೀಸಿಗೆ ಕರ್ಕೊಂಡು ಹೋಗ್ಬೇಕಿತ್ತು, ನಿಮ್ಮ ಹತ್ರ ಕರ್ಕೊಂಡು ಬಂದಿದಾಳೆ’ ಅಂದ್ರು.

ಸಿಟ್ಟಿಂದ ಹೇಳಿದ ಮಾತಲ್ಲ ಅದು, ಮಗಳ ಕೈ ಹಿಡ್ಕೊಂಡೇ ಹೇಳಿದ್ರು. ಮಗಳು ಅತ್ತರು. ನಾನು ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆ ಹೊತ್ತಲ್ಲಿ ಅವರಿಬ್ಬರೇ ಮಾತಾಡ್ಕೋಬೇಕಿತ್ತು, ಮಾತಾಡ್ಕೊಂಡ್ರು.

ಬರೆದದ್ದನ್ನ ಅರ್ಜಿ ಮಾಡಿ ಆಫೀಸಿಗೇ ಕೊಡಿ ಅಂತ ನಾನು ಕೊಟ್ಟ ಸಲಹೆ ಕೇಳಿ ನನ್ನ ಜೊತೆ ಕೆಲಸ ಮಾಡೋ ಒಬ್ಬರು ಆಕ್ಷೇಪ ಎತ್ತಿದ್ರು. ಈ ವಯಸ್ಸಿಗೆ ಬೇಕಾಗಿರೋದು ನೆಮ್ಮದಿ, ನೀವು ಹೋಗಿ ಹೋರಾಟಕ್ಕೆ ಹಚ್ಚಿದ್ರಿ, ಧ್ಯಾನ ಪ್ರಾಣಾಯಾಮ ಅಂತ ಹೇಳಿದ್ರೆ ಸಾಕಿತ್ತು ಅಂತ. ಧ್ಯಾನಕ್ಕೆ ನನ್ನ ವಿರೋಧ ಏನೂ ಇಲ್ಲ. ಆದ್ರೆ ನ್ಯಾಯವಾದ ದೂರನ್ನ ರೋಗ ಅಂತ ಕರೆದು ಅದಕ್ಕೆ ಧ್ಯಾನ ಬರೆದುಕೊಡೋಕೆ ನನ್ನ ಮನಸ್ಸು ಒಪ್ಪಲ್ಲ. ರಾಬರ್ಟ್ ಬಟ್ಲರ್ ಅಂತ ಅಮೆರಿಕದ ಮನೋವೈದ್ಯರು ಇದ್ರು, ವಯಸ್ಸಾದವರು ಹಳೇದನ್ನ ಪದೇ ಪದೇ ನೆನೆಸ್ಕೊಳೋದನ್ನ ಬುದ್ಧಿ ಮಂಕಾಗೋ ಲಕ್ಷಣ ಅಂತ ನೋಡ್ತಿದ್ದ ಕಾಲದಲ್ಲಿ, ಅದು ತನ್ನ ಬದುಕನ್ನ ತಾನೇ ಕೂತು ಪರಿಶೀಲಿಸೋ ಸಹಜ ಕೆಲಸ ಅಂತ 1963ರಲ್ಲೇ ಬರೆದ್ರು. ವಯಸ್ಸಿನ ಕಾರಣಕ್ಕೆ ಮನುಷ್ಯರನ್ನ ಕಡೆಗಣಿಸೋದಕ್ಕೆ 1969ರಲ್ಲಿ ಏಜಿಸಂ ಅಂತ ಹೆಸರಿಟ್ಟವರೂ ಅವರೇ. ಆಗ ನೆನಪನ್ನ ರೋಗ ಅಂದ್ರು, ಈಗ ಅಭಿಪ್ರಾಯವನ್ನ ರೋಗ ಅಂತಿದೀವಿ. ಜಗತ್ತಲ್ಲಿ ಪ್ರತಿ ಇಬ್ಬರಲ್ಲಿ ಒಬ್ಬರಿಗೆ ವಯಸ್ಸಾದವರ ಬಗ್ಗೆ ಇಂಥ ಕೀಳು ಧೋರಣೆ ಇದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತೆ, ಮತ್ತೆ ಇದು ಹೊರಗಿನವರಲ್ಲಿ ಮಾತ್ರ ಇರುತ್ತೆ ಅನ್ಕೋಬೇಡಿ, ಪ್ರೀತಿ ಇರೋ ಮನೇಲೇ ‘ನಿಂಗ್ಯಾಕಮ್ಮ ಇದೆಲ್ಲಾ’ ಅನ್ನೋ ರೂಪದಲ್ಲಿ ಬರುತ್ತೆ. ದಿನಾ ಅದನ್ನೇ ಕೇಳಿದ್ರೆ ಅವರೂ ಅದನ್ನ ನಂಬ್ತಾರೆ. ಅಮೆರಿಕದ ಸಂಶೋಧಕಿ ಬೆಕ್ಕಾ ಲೆವಿ ಮತ್ತವರ ತಂಡ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಮ್ಮ ವಯಸ್ಸಿನ ಬಗ್ಗೆ ಒಳ್ಳೇ ಭಾವನೆ ಇದ್ದವರು ಇಲ್ಲದವರಿಗಿಂತ ಸರಾಸರಿ 7.5 ವರ್ಷ ಹೆಚ್ಚು ಬದುಕಿದ್ದು ಕಂಡುಬಂತು.

ಇನ್ನು ಸರ್ಕಾರದ ಪಾಲಿಸಿ ವಿಚಾರ ಇವರಿಗ್ಯಾಕೆ ಅನ್ನೋರಿಗೆ: ವಿಶ್ವಸಂಸ್ಥೆ 1991ರಲ್ಲಿ ಹಿರಿಯರಿಗಾಗಿ 18 ತತ್ವಗಳನ್ನ ಒಪ್ಕೊಳ್ತು, ಅದರಲ್ಲಿ ತಮ್ಮ ಬದುಕಿಗೆ ನೇರವಾಗಿ ತಟ್ಟೋ ನೀತಿಗಳನ್ನ ರೂಪಿಸೋದ್ರಲ್ಲಿ ಹಿರಿಯರೂ ಪಾಲ್ಗೊಳ್ಳಬೇಕು ಅಂತ ಸ್ಪಷ್ಟವಾಗಿದೆ. ನೋಟ್‌ಬುಕ್ಕಲ್ಲಿ ಈ ಅಮ್ಮ ಮಾಡ್ತಿದ್ದದ್ದು ಅದೇ ಕೆಲಸ. ಅದು ಸೇರಬೇಕಾದವರಿಗೆ ಸೇರ್ತಿರಲಿಲ್ಲ ಅಷ್ಟೇ.

ಹಾಗಾಗಿ ಹೇಳಿದ್ದು ಇಷ್ಟು. ಮಗಳಿಗೆ: ಚಾನೆಲ್ ಲಾಕ್ ತೆಗೀರಿ, ಕಿವಿ ಪರೀಕ್ಷೆ ಈ ವಾರಾನೇ ಮಾಡಿಸಿ (ಸರಿಯಾಗಿ ಕೇಳಿಸದವರು ಮಾತುಕತೆಯಿಂದ ಹಿಂದೆ ಸರೀತಾರೆ, ಮರೆವಿನ ಕಾಯಿಲೆಗೆ ನಾವು ತಡೀಬಹುದಾದ ಕಾರಣಗಳ ಪಟ್ಟಿಯಲ್ಲೂ ಕಿವುಡುತನ ಇದೆ), ರಾತ್ರಿ ಅಮ್ಮ ಓದೋವಾಗ ಫೋನ್ ಪಕ್ಕಕ್ಕಿಟ್ಟು ಕೇಳಿ, ಒಪ್ಪಬೇಕು ಅಂತೇನಿಲ್ಲ, ವಾದನೂ ಮಾಡಿ, ಆದ್ರೆ ‘ಟೆನ್ಶನ್ ಮಾಡ್ಕೋಬೇಡ’ ಅನ್ನೋ ಮಾತು ಬೇಡ. ಆಫೀಸಿಗೆ ಜೊತೆಗೆ ಹೋಗಿ, ಮಾತು ಮಾತ್ರ ಅಮ್ಮನೇ ಆಡ್ಲಿ. ಅಮ್ಮನಿಗೆ: ಸುದ್ದಿ ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಸಾಕು, ದಿನವಿಡೀ ಬರೋ ಚಾನೆಲ್‌ಗಳು ಅದೇ ದೃಶ್ಯಾನ ಮತ್ತೆ ಮತ್ತೆ ತೋರಿಸ್ತವೆ, ನೋಡಿದಷ್ಟೂ ಎದೆ ಬಡ್ಕೊಳುತ್ತೆ, ಹೊಸದೇನೂ ಗೊತ್ತಾಗಲ್ಲ. ಮಲಗೋ ಮುಂಚಿನ ಎರಡು ಗಂಟೆ ಬೇಡವೇ ಬೇಡ. ಬರೆದ ಪುಟಗಳಲ್ಲಿ ಯಾರಿಗಾದ್ರೂ ಕಳಿಸಬಹುದಾದದ್ದು ಯಾವುದು, ಬರೀ ಸಂಕಟ ಹೇಳ್ಕೊಂಡದ್ದು ಯಾವುದು ಅಂತ ಬೇರೆ ಮಾಡಿ. ದೂರದ ಯುದ್ಧದ ಬಗ್ಗೆ ದುಃಖ ಪಡಬಹುದು, ಅದಕ್ಕೆ ನಿಮ್ಮ ಹತ್ರ ಅರ್ಜಿ ಇಲ್ಲ. ಈ ಮಿಷನ್ ವಿಚಾರಕ್ಕೆ ಇದೆ.

ಎಲ್ಲರಿಗೂ ಇದೇ ಸಲಹೆ ಅಂತ ತಿಳ್ಕೋಬೇಡಿ. ರಾತ್ರಿಯಿಡೀ ಫೋನ್ ಕೆಳಗಿಡದೆ ಬಂದ ಫಾರ್ವರ್ಡ್ ಎಲ್ಲಾ ನಂಬಿ ಹೆದರಿ ನಡುಗ್ತಿದ್ದವರಿಗೆ ನಾನೇ ಸುದ್ದಿ ಪೂರ್ತಿ ನಿಲ್ಲಿಸಿ ಅಂತ ಹೇಳಿದ್ದಿದೆ, ವೈದ್ಯರ ಹತ್ರ ಕಳಿಸಿದ್ದಿದೆ. ರಾಜಕೀಯದ ಹೆಸರಲ್ಲಿ ಮನೆಯವರನ್ನ ಬಾಯಿಗೆ ಬಂದಂಗೆ ಬೈಯೋ ಹಿರಿಯರಿಗೆ ಅದು ತಪ್ಪು ಅಂತ ಮುಖಕ್ಕೇ ಹೇಳ್ತೀನಿ. ನೆಟ್ಟಗಿದ್ದ ಮನುಷ್ಯ ಕೆಲವೇ ವಾರಗಳಲ್ಲಿ ಪೂರ್ತಿ ಬದಲಾದ್ರೆ ಅದನ್ನ ಅಭಿಪ್ರಾಯ ಅಂತ ಬಿಡಬಾರದು, ತಲೆಗೆ ಪೆಟ್ಟು, ಸೋಂಕು, ಔಷಧಿ ಏರುಪೇರು ಏನಾದ್ರೂ ಇರಬಹುದು, ಮೊದಲು ಡಾಕ್ಟರ್.

ಈ ಅಮ್ಮ ಆ ಪುಟವನ್ನ ಅರ್ಜಿ ಮಾಡಿದ್ರು, ಮಗಳು ಟೈಪ್ ಮಾಡಿಕೊಟ್ರು. ತಾರೀಖು, ಸಮಯ, ಯಾವ ಯಾವ ಬೆರಳು ಇಟ್ಟೆ ಅನ್ನೋದು, ಬದಲಿ ವ್ಯವಸ್ಥೆ ಏನಿರಬೇಕು ಅನ್ನೋದು, ಎಲ್ಲಾ ಒಂದೇ ಪುಟದಲ್ಲಿ. ಅವರ ಸ್ವಂತ ಕೆಲಸ ಅಧಿಕಾರಿಯ ಸಹಿಯಿಂದ ಆಯ್ತು. ಆ ಕೌಂಟರಿನ ಪದ್ಧತಿ ಇನ್ನೂ ಹಾಗೇ ಇದೆ. ಅವತ್ತು ಕ್ಯೂನಲ್ಲಿ ಹಿಂದೆ ನಿಂತಿದ್ದವರ ಕಥೆ ಏನು ಅಂತ ಕೇಳಿ ಎರಡನೇ ಪತ್ರ ಬರೆದಿದಾರೆ, ಈ ಸಲ ಅದೇ ಕಷ್ಟ ಪಟ್ಟ ಬೇರೆಯವರನ್ನೂ ಹುಡುಕಿ ಸಹಿ ಹಾಕಿಸ್ತಿದಾರೆ.