ರೀಮರ್ ತುದಿ ಕತ್ತರಿಸಬಹುದೇ?

ಪ್ರಶ್ನೆ: ಮನೆ ಹಿಂದಿನ ಶೆಡ್ಡಿನಲ್ಲಿ ಹಳೆಯ ಲೇತ್ ಇಟ್ಟುಕೊಂಡಿದ್ದೇನೆ. ಲೀಡ್‌ಸ್ಕ್ರೂ (ಟೂಲನ್ನು ಸಾಗಿಸುವ ಉದ್ದ ಸ್ಕ್ರೂ) ಮೇಲಿನ ಕಾಲರನ್ನು ಹಿಡಿಯುವ ಟೇಪರ್ ಪಿನ್ನಿನ, ಅಂದರೆ ಒಂದು ತುದಿ ಸಣ್ಣ ಇನ್ನೊಂದು ದಪ್ಪ ಇರುವ ಪಿನ್ನಿನ, ತೂತು ಸವೆದು ಕಾಲರ್ ಆಡುತ್ತಿದೆ. ಹಳೆಯ ಪಿನ್ 6 ಮಿ.ಮೀ., ಉದ್ದ 30. ತೂತು ದೊಡ್ಡದು ಮಾಡೋಣ ಅಂತ 6 ಮಿ.ಮೀ. ಟೇಪರ್ ಪಿನ್ ರೀಮರ್ (ತೂತನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸುವ ಹಲ್ಲಿನ ಟೂಲ್) ತಂದೆ. ಆದರೆ ಕಾಲರ್ ಹಿಂದೆ 12 ಮಿ.ಮೀ. ಜಾಗ ಮಾತ್ರ ಇದೆ, ರೀಮರ್ ತುದಿ ಬೆಡ್ಡಿಗೆ ಬಡಿಯುತ್ತದೆ. ಹ್ಯಾಕ್ಸಾ ಬ್ಲೇಡ್ ಅದರ ಮೇಲೆ ಜಾರುತ್ತದೆ. ಕೆಂಪಗೆ ಕಾಯಿಸಿ ಮೆತ್ತಗೆ ಮಾಡಿ ಕತ್ತರಿಸಬಹುದೇ?
– ಒಬ್ಬ ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ಕಾಯಿಸಬೇಡಿ. ಕಾಯಿಸಿದರೆ ಉಳಿದ ಹಲ್ಲುಗಳ ಗಡಸುತನವೂ ಹೋಗುತ್ತದೆ. ಕತ್ತರಿಸುವುದಕ್ಕಂತೂ ಏನೂ ಅಡ್ಡಿಯಿಲ್ಲ. ಟೇಪರ್ ರೀಮರ್ ಕೊರೆಯುವುದು ಪಕ್ಕದ ಅಂಚಿನಿಂದ, ತುದಿಯಿಂದ ಅಲ್ಲ.

ಎಷ್ಟು ಕತ್ತರಿಸಬೇಕು ಅನ್ನುವುದೇ ಮುಖ್ಯ. ಈ ಪಿನ್ನುಗಳ ಟೇಪರ್ 1:50. ಅಂದರೆ 50 ಮಿ.ಮೀ. ಉದ್ದಕ್ಕೆ ದಪ್ಪ 1 ಮಿ.ಮೀ. ಹೆಚ್ಚುತ್ತದೆ. ನಿಮ್ಮ ರೀಮರ್ ತುದಿ ಸುಮಾರು 5.9 ಇರುತ್ತದೆ, ಮೈಕ್ರೋಮೀಟರಿನಲ್ಲಿ ನೋಡಿಕೊಳ್ಳಿ. ಕೊನೆಯಲ್ಲಿ ಹೇಳಿರುವ ಹೊಸ ಪಿನ್ನಿಗಾಗಿ ತೂತಿನ ಸಣ್ಣ ಬಾಯಿ 6.6ಕ್ಕೆ ಬರಬೇಕಾದರೆ ತುದಿ 35 ಮಿ.ಮೀ. ಆಚೆ ಚಾಚುತ್ತದೆ. 30 ಮಿ.ಮೀ. ಕತ್ತರಿಸಿಬಿಟ್ಟರೆ ತುದಿ 6.5 ಆಗುತ್ತದೆ, ಆಚೆ ಬರುವುದು ಬರೀ 5.

ಈಗ ಕತ್ತರಿಸುವ ವಿಷಯ. 4 ಇಂಚಿನ ಆಂಗಲ್ ಗ್ರೈಂಡರಿಗೆ 1 ಮಿ.ಮೀ. ಕಟಿಂಗ್ ವೀಲ್ ಹಾಕಿ. ಲೇತಿನಿಂದ ದೂರ ಹೋಗಿ ಮಾಡಿ, ಆ ಪುಡಿ ಬೆಡ್ ಮೇಲೆ ಬಿದ್ದರೆ ಬೆಡ್ಡನ್ನೇ ತಿನ್ನುತ್ತದೆ. ವೈಸಿನ ಬಾಯಿಗೆ ತಾಮ್ರದ ತಗಡು ಕೊಟ್ಟು ಹಿಡಿಯಿರಿ. ಒಂದೇ ಕಡೆಯಿಂದ ಒತ್ತಬೇಡಿ, ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊರೆಯುತ್ತಾ ಬನ್ನಿ. ಸುತ್ತಿಗೆಯಿಂದ ಹೊಡೆದು ಮುರಿಯುವ ಆಸೆ ಖಂಡಿತ ಬೇಡ, ಗಡಸು ಉಕ್ಕು ಚೂರಾಗಿ ಹಾರುತ್ತದೆ. ಮುಖಕ್ಕೆ ಶೀಲ್ಡ್ ಇಲ್ಲದೆ ಗ್ರೈಂಡರ್ ಆನ್ ಮಾಡಬೇಡಿ.

ಕಿಡಿಯನ್ನು ಗಮನಿಸಿ. ಮಂಕಾದ ಕೆಂಪು ಗೆರೆ, ಅಷ್ಟಾಗಿ ಸಿಡಿಯುತ್ತಿಲ್ಲ ಅಂದರೆ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್). ಅದು ಬಿಸಿ ತಡೆಯುತ್ತದೆ, ಆದರೆ ಬಿಸಿಯಾಗಿದ್ದಾಗ ನೀರಿಗೆ ಅದ್ದಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ತಾನಾಗಿ ಆರಲಿ. ಬೆಳ್ಳಗೆ ನಕ್ಷತ್ರದಂತೆ ಸಿಡಿದರೆ ಕಾರ್ಬನ್ ಸ್ಟೀಲ್. ಅದನ್ನು ಮುಟ್ಟಲಾಗದಷ್ಟು ಬಿಸಿಯಾಗುವ ಮೊದಲೇ ಅದ್ದುತ್ತಿರಿ. ಟೂಲ್‌ರೂಮಿಗೆ ಸೇರಿದ ಹೊಸತರಲ್ಲಿ ನಾನು ಇಂಥ ಒಂದು ರೀಮರನ್ನು ಅವಸರದಲ್ಲಿ ಕತ್ತರಿಸಿದ್ದೆ. ಕತ್ತರಿಸಿದ ಕಡೆ ಬೆರಳಗಲ ನೀಲಿಯಾಯಿತು. ಆ ನೀಲಿ ಇದ್ದಷ್ಟು ಉದ್ದಕ್ಕೂ ಫೈಲ್ ಸಲೀಸಾಗಿ ಹತ್ತಿತು. ಒಳ್ಳೇ ಟೂಲ್ ಹಾಳಾಯಿತಲ್ಲ ಅಂತ ಇವತ್ತಿಗೂ ಬೇಜಾರು.

ಕತ್ತರಿಸಿದ ಮೇಲೆ ಪ್ರತಿ ಹಲ್ಲಿನ ತುದಿಗೂ ಬೆಂಚ್ ಗ್ರೈಂಡರಿನಲ್ಲಿ ಸಣ್ಣ ಇಳಿಜಾರು ಕೊಡಿ. ಬರ್ ಅನ್ನು (ಅಂಚಿನಲ್ಲಿ ಉಳಿಯುವ ಚೂಪಾದ ಲೋಹದ ಎಳೆ) ಎಣ್ಣೆಕಲ್ಲಿನಿಂದ ತೆಗೆಯಿರಿ, ಪಕ್ಕದ ಅಂಚು ಮುಟ್ಟಬೇಡಿ. ತುದಿಯ ಸೆಂಟರ್ ಗುಳಿ ಹೋಗಿರುವುದರಿಂದ ಇದನ್ನು ಮುಂದೆ ಸಾಣೆ ಹಿಡಿಸುವುದು ಕಷ್ಟ, ಅದು ಗೊತ್ತಿರಲಿ.

ನೇರವಾಗಿ ತೂತಿಗೆ ಹಾಕಬೇಡಿ. ಹಳೆಯ ತೂತಿನ ಸಣ್ಣ ಬಾಯಿ 6ರ ಆಸುಪಾಸು, ನಿಮ್ಮ ತುದಿ ಈಗ 6.5. ಕಾಲರ್ ಮತ್ತು ಸ್ಕ್ರೂ ಒಟ್ಟಿಗೆ ಬಿಗಿಯಾಗಿರುವಾಗ, ದೊಡ್ಡ ಬಾಯಿಯ ಕಡೆಯಿಂದ 6.5 ಡ್ರಿಲ್ ನಿಧಾನಕ್ಕೆ ಹಾಯಿಸಿ. ಹಳೆಯ ತೂತಿನಲ್ಲಿ ಡ್ರಿಲ್ ಗಬಕ್ಕನೆ ಕಚ್ಚಿಕೊಳ್ಳುತ್ತದೆ, ಕೈ ಬಿಗಿ ಇರಲಿ. ಆಮೇಲೆ ಎಣ್ಣೆ ಹಾಕಿ ರೀಮರನ್ನು ಕೈಯಲ್ಲೇ ತಿರುಗಿಸಿ. ಹಿಂದಕ್ಕೆ ಯಾವತ್ತೂ ತಿರುಗಿಸಬೇಡಿ, ಹೊರಗೆ ತೆಗೆಯುವಾಗಲೂ ಮುಂದಕ್ಕೇ.

ಪಿನ್ ಎಲ್ಲಿಂದ ತರೋದು ಅಂತೀರಾ? 6 x 60 ಪಿನ್ ಕೊಳ್ಳಿ (6 ಸಣ್ಣ ತುದಿಯ ದಪ್ಪ, 60 ಉದ್ದ). ಸಣ್ಣ ತುದಿಯಿಂದ 30 ಕತ್ತರಿಸಿ ಎಸೆದರೆ ಉಳಿದ 30 ಮಿ.ಮೀ. ಸರಿಯಾಗಿ 6.6ರಿಂದ 7.2ರವರೆಗೆ ಇರುತ್ತದೆ. ಪಿನ್ ಮೆತ್ತಗಿರುತ್ತದೆ, ಅದಕ್ಕೆ ನಿಮ್ಮ ಹ್ಯಾಕ್ಸಾ ಸಾಕು. ರೀಮ್ ಮಾಡುವಾಗ ನಡುನಡುವೆ ಇದೇ ಪಿನ್ ಹಾಕಿ ನೋಡುತ್ತಿರಿ. ಕೈಯಿಂದ ಒತ್ತಿದಾಗ ಮೂರು ನಾಲ್ಕು ಮಿ.ಮೀ. ಹೊರಗೆ ನಿಂತರೆ ಅಲ್ಲಿಗೆ ನಿಲ್ಲಿಸಿ, ಉಳಿದದ್ದನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂರಿಸಿ.